ಟ್ಯಾಂಕರ್ ಐತಿ, ಕಪ್ಲಿಂಗ್ ಇಲ್ಲ

ಏಪ್ರಿಲ್ 14ರಿಂದ 20ರವರೆಗೆ ದೇಶದ ಅಗ್ನಿಶಾಮಕ ಠಾಣೆಗಳಲ್ಲೆಲ್ಲ ಸೇವಾ ಸಪ್ತಾಹ ನಡೆಯುತ್ತದೆ. ಶಾಲೆಯ ಮಕ್ಕಳನ್ನು ಕರೆದು ಕೆಂಪು ಗಾಡಿ ತೋರಿಸುತ್ತಾರೆ, ಪೈಪಿನಿಂದ ನೀರು ಹಾರಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಈ ವಾರವನ್ನೇ ಆರಿಸಿದ್ದಕ್ಕೆ ಕಾರಣ 1944ರ ಏಪ್ರಿಲ್ 14. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿನೊಳಗೆ ಯುದ್ಧದ ಮದ್ದುಗುಂಡುಗಳ ಜೊತೆಗೆ ಕರಾಚಿಯಿಂದ ತಂದ ಹತ್ತಿಯ ಬೇಲುಗಳೂ ಇದ್ದವು. ಮಧ್ಯಾಹ್ನ ಹತ್ತಿಯಲ್ಲಿ ಹೊಗೆ ಕಾಣಿಸಿತು. ಬೆಂಕಿ ಆರಿಸುವವರು ಹಡಗು ಹತ್ತಿ ತಾಸುಗಟ್ಟಲೆ ನೀರು ಬಿಟ್ಟರು. ಬೆಂಕಿಯ ಬಾಯಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಹಡಗು ಸಿಡಿಯಿತು. ಅಂದು ಸತ್ತ ಅಗ್ನಿಶಾಮಕ ಸಿಬ್ಬಂದಿಯೇ ಅರವತ್ತಕ್ಕೂ ಹೆಚ್ಚು. ಅವರ ನೆನಪಿಗೆ ಈ ಸಪ್ತಾಹ.

ಹತ್ತಿಯ ಬೆಂಕಿಯ ಗುಣ ಹುಬ್ಬಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಿನ್ನಿಂಗು, ಪ್ರೆಸ್ಸಿಂಗು ಕಂಡ ಊರು ಇದು. ಬೇಲಿನ ಒಳಗೆ ಹೊಕ್ಕ ಕಿಡಿ ಮೇಲೆ ಎಷ್ಟು ನೀರು ಸುರಿದರೂ ಒಳಗೊಳಗೇ ಕುಳಿತು ಹೊಗೆಯಾಡುತ್ತದೆ. ಮೇವಿನ ಬಣವಿಯ ಬೆಂಕಿಯದೂ ಇದೇ ಜಾತಿ. ಕಣಿಕಿ, ಗೋದಿ ಹೊಟ್ಟು, ಶೇಂಗಾದ ಹೊಟ್ಟು, ಯಾವುದಾದರೂ ಸರಿ, ಒಟ್ಟಿದ ರಾಶಿಯ ಮೇಲ್ಮೈಯಿಂದ ನೀರು ಜಾರಿ ಹೋಗುತ್ತದೆ. ಒಳಗಿನ ಕೆಂಡಕ್ಕೆ ಅದು ತಟ್ಟುವುದೇ ಇಲ್ಲ.

ನಮ್ಮ ಕಡೆ ಶಿವರಾತ್ರಿ ಮುಗಿದು ಯುಗಾದಿ ಹತ್ತಿರ ಬಂತೆಂದರೆ ಬಣವಿಗೆ ಬೆಂಕಿ ಬಿದ್ದ ಸುದ್ದಿ ಶುರುವಾಗುತ್ತದೆ. ಜೋತುಬಿದ್ದ ಕರೆಂಟಿನ ತಂತಿ ಗಾಳಿಗೆ ಒಂದಕ್ಕೊಂದು ತಾಗಿ ಕಿಡಿ ಉದುರಿಸುತ್ತದೆ. ಯಾರೋ ಬದುವಿನ ಕಸಕ್ಕೆ ಕಡ್ಡಿ ಗೀರಿ ಊಟಕ್ಕೆ ಹೋಗಿರುತ್ತಾರೆ. ಇನ್ನು ಬೀಡಿ ಸೇದುವವರ ವಿಚಾರ ಬೇಡ. ಒಂದು ಬಣವಿ ಸುಟ್ಟಿತೆಂದರೆ ಆ ಮನೆಯ ದನಗಳ ಆರು ತಿಂಗಳ ಹೊಟ್ಟೆ ಸುಟ್ಟಿತು. ಬಣವಿಗಳನ್ನು ಒಂದರ ಪಕ್ಕ ಒಂದು ಒಟ್ಟುವುದು ನಮ್ಮ ರೂಢಿಯಾದ್ದರಿಂದ ಒಂದಕ್ಕೆ ನಿಲ್ಲುವುದು ಅಪರೂಪ.

ಆಗ ಏನಾಗುತ್ತದೆ? ಫೋನು ಹೋಗುತ್ತದೆ, ಮೊದಲು 101ಕ್ಕೆ ಹೋಗುತ್ತಿತ್ತು, ಈಗ 112ಕ್ಕೂ ಹೋಗುತ್ತದೆ. ಠಾಣೆ ಇರುವುದು ಪೇಟೆಯಲ್ಲಿ, ಬಣವಿ ಇರುವುದು ಊರ ಹೊರಗೆ. ಗಾಡಿ ಬರುತ್ತದೆ, ನೀರು ಬಿಡುತ್ತದೆ, ನೀರು ತರಲು ಹೋಗುತ್ತದೆ. ಕಟ್ಟೆಯ ಮೇಲೆ ಮರುದಿನ ಕೇಳುವ ಮಾತು ಒಂದೇ: "ಬಂತು, ನೀರ ಮುಗೀತು, ಹೋತು." ಈ ಮಾತಿನಲ್ಲಿ ಅಸಹನೆಯಿದೆ. ಆದರೆ ಲೆಕ್ಕ ಹಾಕಿ ನೋಡಿದರೆ ತಪ್ಪು ಗಾಡಿಯವರದ್ದಲ್ಲ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಅಗ್ನಿಶಾಮಕ ವಾಹನದ ತೊಟ್ಟಿ ಹಿಡಿಯುವುದು 4,500 ಲೀಟರು. ಅದರ ಪಂಪು ಪೂರ್ತಿ ವೇಗದಲ್ಲಿ ಎತ್ತಿ ಒಗೆಯುವುದು ನಿಮಿಷಕ್ಕೆ 1,800 ಲೀಟರು. ಭಾಗಿಸಿ ನೋಡಿ: ಎರಡೂವರೆ ನಿಮಿಷ! ಜೋಪಾನವಾಗಿ ಬಿಟ್ಟರೆ ಹತ್ತು ನಿಮಿಷ ಬಂದೀತು. ನಗರದಲ್ಲಾದರೆ ಇನ್ನೊಂದು ಗಾಡಿ ಹಿಂದೆಯೇ ಬರುತ್ತದೆ. ಹಳ್ಳಿಯಲ್ಲಿ ಹಿಂದೆ ಬರುವವರು ಯಾರು?

ಬರುವವರು ಇದ್ದಾರೆ. ಹುಬ್ಬಳ್ಳಿ, ಕುಂದಗೋಳ, ನವಲಗುಂದ ಕಡೆಯ ಯಾವ ಊರಿಗೆ ಹೋದರೂ ಟ್ರ್ಯಾಕ್ಟರಿಗೆ ಕಟ್ಟುವ ನೀರಿನ ಟ್ಯಾಂಕರು ನಾಲ್ಕಾರು ಸಿಗುತ್ತವೆ. ಅವು ಹಿಡಿಯುವುದೂ ಹೆಚ್ಚುಕಡಿಮೆ ಅಷ್ಟೇ, 4,000ದಿಂದ 5,000 ಲೀಟರು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ, ಮದುವೆಗೆ, ಮನೆ ಕಟ್ಟುವಲ್ಲಿಗೆ ಓಡಾಡುವ ಈ ಟ್ಯಾಂಕರುಗಳು ಬಣವಿಗೆ ಬೆಂಕಿ ಬಿದ್ದಾಗ ಯಾರೂ ಹೇಳದೆಯೇ ಬರುತ್ತವೆ. ಬಂದು ನಿಲ್ಲುತ್ತವೆ. ಅಲ್ಲಿಗೆ ಕತೆ ಕೆಡುತ್ತದೆ. ಟ್ಯಾಂಕರಿನ ತಳದಲ್ಲಿ ಇರುವುದು ಒಂದು ದಪ್ಪ ವಾಲ್ವು, ಅದಕ್ಕೆ ಸಿಗಿಸಿದ ಪ್ಲಾಸ್ಟಿಕ್ ಪೈಪು, ಪೈಪಿನ ಬಾಯಿ ಕಟ್ಟಲು ಸೈಕಲ್ ಟ್ಯೂಬು. ಅಗ್ನಿಶಾಮಕ ಗಾಡಿಯ ಹೋಸಿಗೆ ಇರುವುದು 63 ಮಿಲಿಮೀಟರಿನ ಕಪ್ಲಿಂಗು, ಒತ್ತಿದರೆ ಟಕ್ ಎಂದು ಕೂಡುವಂಥದ್ದು. ಇದಕ್ಕೂ ಅದಕ್ಕೂ ನಂಟು ಬೆಳೆಯುವುದಿಲ್ಲ. ಐದು ಸಾವಿರ ಲೀಟರು ನೀರು ಒಂದು ಕಡೆ, ನಿಮಿಷಕ್ಕೆ 1,800 ಲೀಟರು ಎತ್ತುವ ಪಂಪು ಇನ್ನೊಂದು ಕಡೆ, ನಡುವೆ ಒಂದು ಅಂಗೈಯಗಲದ ಲೋಹದ ತುಂಡು ಇಲ್ಲದೆ ಜನ ಕೊಡ, ಬಕೆಟ್ಟು ಹಿಡಿದು ಸಾಲು ನಿಲ್ಲುತ್ತಾರೆ. ಇವತ್ತು ನಾನು ಮಾತಾಡಬೇಕೆಂದಿರುವುದು ಈ ತುಂಡಿನ ಬಗ್ಗೆ, ಅದನ್ನು ಯಾರು ಕೊಳ್ಳಬೇಕು, ಯಾರು ಬೆಸೆಯಬೇಕು ಎಂಬುದರ ಬಗ್ಗೆ.

ಗಬ್ಬೂರನ್ನು ಎದುರಿಗೆ ಇಟ್ಟುಕೊಂಡು ಹೇಳುತ್ತೇನೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ಹೊರಟವರಿಗೆಲ್ಲ ಗಬ್ಬೂರ ಕ್ರಾಸ್ ಗೊತ್ತು. ನರೇಂದ್ರದ ಕಡೆಯಿಂದ ಧಾರವಾಡ, ಹುಬ್ಬಳ್ಳಿ ಎರಡೂ ಊರುಗಳನ್ನು ಬಳಸಿಕೊಂಡು ಬರುವ ಸುಮಾರು ಮೂವತ್ತು ಕಿಲೋಮೀಟರಿನ ಬೈಪಾಸು ಹೆದ್ದಾರಿಗೆ ಕೂಡುವುದು ಇಲ್ಲೇ. ಈ ಬೈಪಾಸಿನ ಹೆಸರು ಕೇಳಿದರೆ ಎದೆ ಝಲ್ಲೆನ್ನುವ ಮನೆಗಳು ಬಹಳ ಇವೆ. 2021ರ ಜನವರಿಯಲ್ಲಿ ಇಟಿಗಟ್ಟಿಯ ಹತ್ತಿರ ದಾವಣಗೆರೆಯ ಗೆಳತಿಯರ ಟೆಂಪೊಗೆ ಆದ ಅಪಘಾತವನ್ನು ಯಾರೂ ಮರೆತಿಲ್ಲ. ಲಾರಿ, ಬಸ್ಸು, ಪೆಟ್ರೋಲು ಟ್ಯಾಂಕರು, ಗ್ಯಾಸು ಟ್ಯಾಂಕರು, ಹತ್ತಿ ಹೇರಿದ ಗಾಡಿ, ಎಲ್ಲವೂ ಇದೇ ಬಾಯಿಯಿಂದ ಹಾದು ಹೋಗಬೇಕು. ಒಂದು ಕಡೆ ಹಳ್ಳಿಯ ಹೊಲ, ಬಣವಿ. ಇನ್ನೊಂದು ಕಡೆ ಹೆದ್ದಾರಿ, ಗೋದಾಮು. ಸ್ವಲ್ಪ ದೂರದಲ್ಲಿ ತಾರಿಹಾಳದ ಕೈಗಾರಿಕಾ ಪ್ರದೇಶ. 2022ರ ಜುಲೈಯಲ್ಲಿ ಅಲ್ಲಿ ಕೇಕಿನ ಮೇಲೆ ಹಚ್ಚುವ ಮೇಣದ ಬತ್ತಿ ಮಾಡುತ್ತಿದ್ದ ಕಾರ್ಖಾನೆಗೆ ಬೆಂಕಿ ಬಿದ್ದು ದುಡಿಯಲು ಹೋದವರು ಬೆಂದರು. ಬೆಂಕಿಗೆ ಬೇಕಾದದ್ದೆಲ್ಲ ಇಲ್ಲಿ ಒಂದೇ ಕಡೆ ಸಿಗುತ್ತದೆ.

ಬೆಂಕಿ ಆರಿಸಲು ಬೇಕಾದದ್ದೂ ಇಲ್ಲೇ ಸಿಗುತ್ತದೆ ಎಂಬುದನ್ನು ನಾವು ಗಮನಿಸಿಲ್ಲ. ಲಾರಿಯ ಮೈ ಕಟ್ಟುವ ಕೆಲಸದಲ್ಲಿ ಹುಬ್ಬಳ್ಳಿಯ ಕೈ ಪಳಗಿದೆ. ಬರೀ ಚಾಸಿ ತಂದು ನಿಲ್ಲಿಸಿದರೆ ಕ್ಯಾಬಿನ್ನು, ಡಾಲಾ, ಬಣ್ಣ, ಹಿಂದೆ ಬರೆಯುವ ಸಾಲು ಸಮೇತ ಲಾರಿ ಮಾಡಿ ಕೊಡುವ ಬಡಗಿಗಳು, ವೆಲ್ಡರುಗಳು ಇಲ್ಲಿದ್ದಾರೆ. ಗಬ್ಬೂರ ದಾಟಿ ಮುಂದೆ ಹೋದರೆ ವರೂರು; 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುವಾದ ವಿ.ಆರ್.ಎಲ್. ಸಾರಿಗೆ ಸಂಸ್ಥೆ ಇವತ್ತು ಅಲ್ಲಿ ತನ್ನ ಗಾಡಿಗಳ ಬಾಡಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಧಾರವಾಡದ ಹತ್ತಿರದ ಟಾಟಾ ಕಾರ್ಖಾನೆಯಲ್ಲಿ ಬಸ್ಸುಗಳ ಮೈ ಸಿದ್ಧವಾಗುತ್ತದೆ. ವಾಯವ್ಯ ಸಾರಿಗೆಯ ವರ್ಕ್‌ಶಾಪು, ನೂರು ವರ್ಷ ದಾಟಿದ ರೈಲ್ವೆ ವರ್ಕ್‌ಶಾಪು, ಅಲ್ಲಿಂದ ನಿವೃತ್ತರಾಗಿ ಮನೆಯಲ್ಲಿ ಕುಳಿತು ಬೇಸರಪಡುತ್ತಿರುವ ಫಿಟ್ಟರುಗಳು, ಟರ್ನರುಗಳು. ಇಂಥ ಊರು ಅಗ್ನಿಶಾಮಕ ಗಾಡಿಯನ್ನು ಬರೀ ಸರಕಾರ ಕೊಡುವ ಸಾಮಾನೆಂದು ತಿಳಿದು ಕೂಡಬಾರದು.

ಊರವರೇ ದುಡ್ಡು ಹಾಕಿ, ಊರವರೇ ಗಾಡಿ ಸಜ್ಜು ಮಾಡಿಕೊಂಡು, ಊರವರೇ ಓಡಿಸುವುದು ಜಗತ್ತಿನಲ್ಲಿ ಹೊಸದೇನಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಬೆಂಕಿ ಆರಿಸುವವರಿಗೆ ಸಂಬಳವೇ ಇಲ್ಲ. ಅಂಗಡಿಯವ, ವಕೀಲ, ವಿದ್ಯಾರ್ಥಿ, ಗಾರೆಯವ, ಎಲ್ಲರೂ ಗಂಟೆ ಬಾರಿಸಿದೊಡನೆ ಕೆಲಸ ಬಿಟ್ಟು ಓಡುತ್ತಾರೆ. 1851ರಲ್ಲಿ ವಾಲ್ಪರೈಸೊ ಎಂಬ ಬಂದರಿನಲ್ಲಿ ಇದು ಶುರುವಾಯಿತು. ರಾಜಧಾನಿ ಸಾಂಟಿಯಾಗೊ ಮಾತ್ರ ಸುಮ್ಮನಿತ್ತು. 1863ರ ಡಿಸೆಂಬರ್ 8ರಂದು ಅಲ್ಲಿಯ ದೊಡ್ಡ ಇಗರ್ಜಿಯೊಂದರಲ್ಲಿ ಹಬ್ಬದ ದೀಪಗಳಿಂದ ಬೆಂಕಿ ಹತ್ತಿ ಸುಮಾರು ಎರಡು ಸಾವಿರ ಜನ ಸತ್ತರು. ಬಹುತೇಕ ಎಲ್ಲರೂ ಹೆಂಗಸರು. ಹನ್ನೆರಡೇ ದಿನಗಳಲ್ಲಿ ಆ ನಗರದವರೂ ದಳ ಕಟ್ಟಿಕೊಂಡರು. ಜರ್ಮನರದೊಂದು ಕಂಪನಿ, ಫ್ರೆಂಚರದೊಂದು, ಇಟಲಿಯವರದೊಂದು, ಹೀಗೆ ವಲಸೆ ಬಂದ ಒಂದೊಂದು ಸಮಾಜವೂ ತನ್ನ ಗಾಡಿ ತಾನು ತರಿಸಿಕೊಂಡಿತು. ಸದಸ್ಯನಾದವನು ಜೀವ ಪಣಕ್ಕಿಡುವುದರ ಜೊತೆಗೆ ತಿಂಗಳ ವಂತಿಗೆಯನ್ನೂ ಕೊಡಬೇಕು! ನಮ್ಮಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ನಗುತ್ತಾರೆ. ಅಲ್ಲಿ ಅದು ಮರ್ಯಾದೆಯ ವಿಷಯ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನದು ಇನ್ನೂ ಹಳೆಯ ಉಪಾಯ. 1736ರಲ್ಲಿ ಫಿಲಡೆಲ್ಫಿಯಾದಲ್ಲಿ ಅವನು ಗೆಳೆಯರನ್ನು ಕೂಡಿಸಿ ದಳ ಕಟ್ಟಿದ. ಪ್ರತಿಯೊಬ್ಬನೂ ಚರ್ಮದ ಬಕೆಟ್ಟು, ಸಾಮಾನು ತುಂಬಿ ಹೊರಗೆ ಸಾಗಿಸಲು ಚೀಲ ಇಟ್ಟುಕೊಂಡಿರಬೇಕು. ತಿಂಗಳ ಸಭೆಗೆ ಬಾರದವನಿಗೆ ದಂಡ. ಆ ದಂಡದ ಹಣದಿಂದಲೇ ಅವರು ಪಂಪು, ಏಣಿ, ಕೊಕ್ಕೆ ಕೊಂಡರು. ನಮ್ಮ ಸಂಘಗಳಲ್ಲಿ ಸಭೆಗೆ ಬಾರದವರಿಂದ ದಂಡ ವಸೂಲಿ ಮಾಡಿದ್ದರೆ ಪ್ರತಿ ಓಣಿಗೊಂದು ಬ್ರಾಂಟೊ ಸ್ಕೈಲಿಫ್ಟ್ ನಿಲ್ಲಿಸಬಹುದಿತ್ತು. ಬೆಂಗಳೂರಿನಲ್ಲಿ ಎತ್ತರದ ಕಟ್ಟಡಗಳಿಗೆಂದು ಫಿನ್ಲೆಂಡಿನಿಂದ ತರಿಸಿದ 90 ಮೀಟರಿನ ಏಣಿಯ ಗಾಡಿ ಇದೆಯಲ್ಲ, ಅದು. ಅದಕ್ಕೆ ಕೊಟ್ಟ ದುಡ್ಡು 30 ಕೋಟಿ ರೂಪಾಯಿಗೂ ಮೇಲೆ. ಅದು ಬೇಕಾದಲ್ಲಿ ಬೇಕು. ಬಣವಿ ಅಷ್ಟು ಎತ್ತರ ಬೆಳೆಯುವುದಿಲ್ಲ.

ನಮಗೆ ಹತ್ತಿರದ ಮಾದರಿ ಆಸ್ಟ್ರೇಲಿಯದ ರೈತರದು. ಅಲ್ಲಿಯ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ರೈತ ತನ್ನ ಪಿಕಪ್ ಗಾಡಿಯ ಹಿಂದೆ ಒಂದು ಚೌಕಟ್ಟು ಏರಿಸುತ್ತಾನೆ. ಆ ಚೌಕಟ್ಟಿನಲ್ಲಿ ನಾಲ್ಕೈದು ನೂರು ಲೀಟರಿನ ತೊಟ್ಟಿ, ಚಿಕ್ಕ ಎಂಜಿನ್ನಿನ ಪಂಪು, ಸುತ್ತಿಟ್ಟ ಹೋಸು, ನಾಜಲ್ಲು. ಎಲ್ಲವೂ ಒಂದಕ್ಕೊಂದು ಬೋಲ್ಟು ಮಾಡಿದ್ದು. ಮಳೆ ಬಿದ್ದ ಮೇಲೆ ಚೌಕಟ್ಟನ್ನು ಹಾಗೇ ಇಳಿಸಿ ಕೊಟ್ಟಿಗೆಯಲ್ಲಿ ಇಡುತ್ತಾನೆ, ಗಾಡಿ ಮತ್ತೆ ಕುರಿ ಸಾಗಿಸಲು ಹೋಗುತ್ತದೆ. ಬೆಂಕಿಯ ಗಾಡಿಯೆಂದು ಬೇರೆ ಗಾಡಿಯೇ ಬೇಡ. ನಮ್ಮಲ್ಲಿ ಅದೇ ಚೌಕಟ್ಟನ್ನು ಟಾಟಾ ಏಸ್ ಮೇಲೆ ಏರಿಸಬಹುದು, ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಏರಿಸಬಹುದು. ಜಪಾನಿನಲ್ಲೂ ಊರೂರಿನ ಸ್ವಯಂಸೇವಕ ದಳಗಳು ಇಕ್ಕಟ್ಟಾದ ಓಣಿಗಳಲ್ಲಿ ನುಗ್ಗುವಂಥ ಪುಟ್ಟ ಗಾಡಿಗಳನ್ನೇ ಇಟ್ಟುಕೊಂಡಿವೆ. ಹಳೆಯ ಹುಬ್ಬಳ್ಳಿಯ ಓಣಿಗಳನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಈಗ ಕೆಲಸದ ಮಾತಿಗೆ ಬರೋಣ. ಸ್ವಲ್ಪ ಗ್ಯಾರೇಜಿನ ಭಾಷೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು ಪಂಪು. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಬಹಳ ರೈತರ ಹತ್ತಿರ ಇದೆ. ಅದರ ಒತ್ತಡ ಜೋರು, ನೀರು ಕಡಿಮೆ. ನಿಮಿಷಕ್ಕೆ ಇಪ್ಪತ್ತು, ನಲವತ್ತು ಲೀಟರು. ಬದುವಿನ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಮೊದಲ ಐದು ನಿಮಿಷದಲ್ಲಿ ಹಿಡಿದರೆ ಅಷ್ಟೇ ಸಾಕು, ಇನ್ನೊಬ್ಬರ ಹೊಲಕ್ಕೆ ಹೋಗದಂತೆ ತಡೆಯಬಹುದು. ಹತ್ತಿಕೊಂಡ ಮನೆಯ ಮುಂದೆ ಅದನ್ನು ಹಿಡಿದು ನಿಲ್ಲುವುದು ಮಾತ್ರ ಅಪಾಯ. ನೀರೆತ್ತುವ ಐದು ಅಶ್ವಶಕ್ತಿಯ ಡೀಸೆಲ್ ಪಂಪಿನ ಕತೆ ತಿರುವುಮುರುವು: ನೀರು ಧಾರಾಳ, ಒತ್ತಡ ಕಡಿಮೆ. ದೂರಕ್ಕೆ ಹಾರುವುದಿಲ್ಲ, ಆದರೆ ಅಗ್ನಿಶಾಮಕ ಗಾಡಿಯ ತೊಟ್ಟಿ ತುಂಬಿಸಲು ಇದಕ್ಕಿಂತ ಒಳ್ಳೆಯದು ಬೇಡ. ಹಳ್ಳಿಯ ದಳ ಈ ಎರಡನ್ನೂ ಇಟ್ಟುಕೊಳ್ಳಬೇಕು, ಎರಡರ ಕೆಲಸ ಬೇರೆ ಬೇರೆಯೆಂದು ತಿಳಿದುಕೊಳ್ಳಬೇಕು.

ಎರಡನೆಯದು ತೊಟ್ಟಿ. ಇಲ್ಲಿ ಎಚ್ಚರ ಬೇಕು. ಅರ್ಧ ತುಂಬಿದ ತೊಟ್ಟಿಯಲ್ಲಿ ತಿರುವಿನಲ್ಲಿ ನೀರೆಲ್ಲ ಒಂದೇ ಪಕ್ಕಕ್ಕೆ ಓಡುತ್ತದೆ. ಎರಡು ಟನ್ ತೂಕ ಒಮ್ಮೆಲೇ ಮೈಮೇಲೆ ಬಿದ್ದಂತೆ, ಟ್ರೇಲರು ಮಗುಚುತ್ತದೆ. ಅದಕ್ಕೆ ತೊಟ್ಟಿಯ ಒಳಗೆ ಅಡ್ಡ ಪ್ಲೇಟುಗಳನ್ನು ಬೆಸೆಯಬೇಕು, ನೀರು ದಾಟಲು ತೂತು ಬಿಟ್ಟು. ಅಮೆರಿಕದ ಹಳ್ಳಿ ದಳಗಳು ಒಂದು ಕಾಲಕ್ಕೆ ಹಳೆಯ ಪೆಟ್ರೋಲ್ ಟ್ಯಾಂಕರು, ಹಾಲಿನ ಟ್ಯಾಂಕರು ಅಗ್ಗಕ್ಕೆ ಕೊಂಡು ಕೆಂಪು ಬಣ್ಣ ಬಳಿದು ಬೆಂಕಿಗೆ ಓಡಿಸಿದವು. ಪೆಟ್ರೋಲು ನೀರಿಗಿಂತ ಹಗುರ, ಲೀಟರಿಗೆ ಮುಕ್ಕಾಲು ಕಿಲೋ ಆಸುಪಾಸು. ಪೆಟ್ರೋಲಿಗೆಂದು ಮಾಡಿದ ತೊಟ್ಟಿಗೆ ನೀರು ತುಂಬಿದರೆ ಚಾಸಿಯ ಮೇಲೆ ಟನ್ನುಗಟ್ಟಲೆ ಹೆಚ್ಚಿನ ಭಾರ ಬಿತ್ತು, ಬ್ರೇಕು ಹಿಡಿಯಲಿಲ್ಲ. ಬೆಂಕಿಗಿಂತ ಮೊದಲು ದಾರಿಯಲ್ಲೇ ಸತ್ತ ಸ್ವಯಂಸೇವಕರು ಅಲ್ಲಿ ಅನೇಕರಿದ್ದಾರೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ತೊಟ್ಟಿ ಕಂಡಾಗ ಇದು ನೆನಪಿರಲಿ.

ಮೂರನೆಯದು ಆ ಕಪ್ಲಿಂಗು. ಊರಿನ ಪ್ರತಿ ಟ್ಯಾಂಕರಿನ ವಾಲ್ವಿಗೂ 63 ಮಿಲಿಮೀಟರಿನ ಕಪ್ಲಿಂಗು ಕೂಡುವ ಅಡಾಪ್ಟರು ಬೇಕು. ಲೇತು ಇರುವ ಯಾವ ವರ್ಕ್‌ಶಾಪಿನಲ್ಲೂ ಇದು ಆಗುತ್ತದೆ. ಆದರೆ ಅಳತೆಯನ್ನು ಅಂದಾಜಿನ ಮೇಲೆ ತೆಗೆಯಬಾರದು, ಠಾಣೆಗೆ ಹೋಗಿ ಅವರ ಹೋಸಿಗೆ ಕೂಡಿಸಿ ನೋಡಿಯೇ ತರಬೇಕು. ತೊಟ್ಟಿಯ ಮೇಲೆ ದಪ್ಪಕ್ಷರದಲ್ಲಿ ಎಷ್ಟು ಲೀಟರು ಎಂದು ಬರೆಸಬೇಕು. ಗಡಿಬಿಡಿಯಲ್ಲಿ ಠಾಣೆಯ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಅದೇ.

ನಾಲ್ಕನೆಯದು ನೀರಿನ ಹೊಂಡಗಳ ನಕ್ಷೆ, ಅದಕ್ಕೆ ದುಡ್ಡೇ ಬೇಡ. ಅಮೆರಿಕದ ಹಳ್ಳಿ ದಳದವರು ಬೆಂಕಿಯ ಹತ್ತಿರ ತಾಡಪತ್ರಿಯ ಒಂದು ಮಡಚುವ ಹೊಂಡ ಹರಡುತ್ತಾರೆ. ಟ್ಯಾಂಕರು ಬಂದು ಅದರಲ್ಲಿ ನೀರು ಬಗ್ಗಿಸಿ ತಕ್ಷಣ ವಾಪಸು ಹೋಗುತ್ತದೆ. ಪಂಪು ಆ ಹೊಂಡದಿಂದ ಎಳೆಯುತ್ತಿರುತ್ತದೆ. ಟ್ಯಾಂಕರು ಅಲ್ಲೇ ನಿಂತು ಕಾಯುವಂತಿಲ್ಲ. ನಮ್ಮ ಜಿಲ್ಲೆಯಲ್ಲಿ ಅಂಥ ಹೊಂಡಗಳು ಆಗಲೇ ಇವೆ. 2014ರಲ್ಲಿ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲಹೊಲಕ್ಕೆ ಕೃಷಿ ಹೊಂಡ ತೋಡಿಸಿದ್ದಾರೆ. ಯಾವ ಹೊಂಡದಲ್ಲಿ ಏಪ್ರಿಲ್ಲಿನವರೆಗೆ ನೀರು ಉಳಿಯುತ್ತದೆ, ಯಾವುದರ ಹತ್ತಿರ ದೊಡ್ಡ ಗಾಡಿ ಹೋಗುತ್ತದೆ, ಯಾವ ದಾರಿಯಲ್ಲಿ ಕಪ್ಪು ಮಣ್ಣಿನಲ್ಲಿ ಗಾಲಿ ಹೂತು ಹೋಗುತ್ತದೆ, ಇದು ಊರವರಿಗೆ ಗೊತ್ತು, ಹುಬ್ಬಳ್ಳಿಯಿಂದ ಬರುವ ಚಾಲಕನಿಗೆ ಗೊತ್ತಿಲ್ಲ. ಒಂದು ಹಾಳೆಯ ಮೇಲೆ ನಕ್ಷೆ ಬರೆದು ಠಾಣೆಗೆ ಕೊಡಲು ಯಾರ ಅಪ್ಪಣೆ ಬೇಕು?

ಬಣವಿಯ ವಿಚಾರದಲ್ಲಿ ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಹತ್ತಿಕೊಂಡ ಬಣವಿಯನ್ನು ಉಳಿಸುವ ಆಸೆ ಬಿಟ್ಟು ಪಕ್ಕದ ಬಣವಿಯನ್ನು ತೋಯಿಸಿ. ಹತ್ತಿಕೊಂಡದ್ದನ್ನು ಜೇಸಿಬಿಯಿಂದಲೋ ಉದ್ದ ಕೊಕ್ಕೆಯಿಂದಲೋ ಎಳೆದು ಹರವಿ, ಆಮೇಲೆ ನೀರು. ನೀರಿಗೆ ಸ್ವಲ್ಪ ಸೋಪಿನ ಪುಡಿ ಕಲಸಿದರೆ ಅದು ಹೊಟ್ಟಿನೊಳಗೆ ಇಳಿಯುತ್ತದೆ. ತಂತಿ ಹರಿದು ಬಿದ್ದಿದ್ದರೆ ಹೆಸ್ಕಾಂನವರು ಲೈನ್ ಬಂದ್ ಮಾಡಿದೆವು ಎನ್ನುವವರೆಗೆ ಒಂದು ಹನಿಯೂ ಹಾಕಬೇಡಿ. ಹೆದ್ದಾರಿಯಲ್ಲಿ ಗ್ಯಾಸ್ ಟ್ಯಾಂಕರು ಮಗುಚಿದರೆ ಹಳ್ಳಿಯ ದಳದ ಕೆಲಸ ಒಂದೇ: ಜನರನ್ನು ದೂರ ಓಡಿಸುವುದು, ಒಲೆ ಆರಿಸಲು ಹೇಳುವುದು. ಸೋರಿದ ಅನಿಲ ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ತಗ್ಗಿನ ಮನೆಗಳ ಕಡೆ ಹರಿಯುತ್ತದೆ. 2013ರಲ್ಲಿ ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಹೆದ್ದಾರಿ ಪಕ್ಕದ ಮನೆಗಳವರು ಹೀಗೆಯೇ ಸುಟ್ಟುಹೋದರು. ಅಲ್ಲಿ ಹೋಸು ಹಿಡಿದು ಹೀರೋ ಆಗಲು ಹೋಗಬಾರದು.

ದುಡ್ಡಿನ ಮಾತು. ಹೋಸು, ನಾಜಲ್ಲು, ಅಡಾಪ್ಟರು, ಒಂದು ಪಂಪು, ಚೌಕಟ್ಟು, ಇಷ್ಟೂ ಸೇರಿದರೆ ಒಂದು ಜೋಡಿ ಒಳ್ಳೆಯ ಎತ್ತಿನ ಬೆಲೆಯ ಆಜುಬಾಜು. ಗಣಪತಿಗೆ ಪಟ್ಟಿ ಎತ್ತುವ ಊರಿಗೆ ಇದು ದೊಡ್ಡದಲ್ಲ. ಪಟ್ಟಿ ಎತ್ತುವುದರಲ್ಲಿ ಹುಬ್ಬಳ್ಳಿಯ ಹುಡುಗರಿಗೆ ಯಾರೂ ಪಾಠ ಹೇಳಬೇಕಿಲ್ಲ, ದಾರಿಯಲ್ಲಿ ಹಗ್ಗ ಹಿಡಿದು ಲಾರಿ ನಿಲ್ಲಿಸುವುದೊಂದನ್ನು ಬಿಟ್ಟರೆ ಅದರಲ್ಲಿ ತಪ್ಪೂ ಇಲ್ಲ. ಆದರೆ ಒಮ್ಮೆ ಎತ್ತಿದ ಪಟ್ಟಿಯಿಂದ ಗಾಡಿ ಬರುತ್ತದೆ, ಮುಂದಿನ ವರ್ಷದ ಡೀಸೆಲ್ಲು ಬರುವುದಿಲ್ಲ. ಹಾಗಾಗಿ ನನಗೆ ಹೆಚ್ಚು ನಂಬಿಕೆ ಇರುವುದು ಸಹಕಾರಿ ಸಂಘದ ದಾರಿಯಲ್ಲಿ. ಇಲ್ಲಿಂದ ಬಹಳ ದೂರವಿಲ್ಲದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶಕ್ಕೇ ದಾರಿ ತೋರಿಸಿದ ಸಂಘ ಅದು. ಸಾಲಕ್ಕೆ ಕೂಡಿದ ರೈತರು ಬೆಂಕಿಗೆ ಯಾಕೆ ಕೂಡಬಾರದು? ಗೊಬ್ಬರದ ಚೀಲದ ಲೆಕ್ಕ ಬರೆಯುವ ಪುಸ್ತಕದಲ್ಲೇ ಪಂಪಿನ ಲೆಕ್ಕವೂ ಒಂದು ಪುಟವಾಗಲಿ.

ದುಡ್ಡು ಹೆಚ್ಚಾದರೂ ಕಷ್ಟವೇ. 2020ರ ಜನವರಿಯಲ್ಲಿ ಆಸ್ಟ್ರೇಲಿಯದ ಕಾಡು ಹೊತ್ತಿ ಉರಿಯುತ್ತಿದ್ದಾಗ ಸೆಲೆಸ್ಟ್ ಬಾರ್ಬರ್ ಎಂಬ ಹಾಸ್ಯನಟಿ ನ್ಯೂ ಸೌತ್ ವೇಲ್ಸಿನ ಗ್ರಾಮೀಣ ಅಗ್ನಿಶಾಮಕ ದಳಕ್ಕೆಂದು ಫೇಸ್‌ಬುಕ್ಕಿನಲ್ಲಿ ದೇಣಿಗೆ ಕೇಳಿದಳು. ಅವಳ ಅಂದಾಜು 30,000 ಡಾಲರು. ಜಗತ್ತಿನ ಮೂಲೆಮೂಲೆಯಿಂದ ಬಂದದ್ದು 5 ಕೋಟಿ ಡಾಲರಿಗೂ ಮೇಲೆ. ಕೊಟ್ಟವರಲ್ಲಿ ಅನೇಕರು ಮನೆ ಕಳೆದುಕೊಂಡವರಿಗೂ, ಗಾಯಗೊಂಡ ಪ್ರಾಣಿಗಳಿಗೂ ಇದರಲ್ಲಿ ಪಾಲು ಸಿಗಲೆಂದು ಬಯಸಿದ್ದರು. ಕೋರ್ಟು ಒಪ್ಪಲಿಲ್ಲ: ದುಡ್ಡು ಬಂದಿರುವುದು ದಳದ ನಿಧಿಗೆ, ಆ ನಿಧಿಯ ಪತ್ರದಲ್ಲಿ ಬರೆದ ದಳದ ಕೆಲಸಕ್ಕೇ ಖರ್ಚಾಗಬೇಕು ಎಂದಿತು. ಪಟ್ಟಿಯ ಪುಸ್ತಕದ ಮೊದಲ ಸಾಲಿನಲ್ಲಿ ದುಡ್ಡು ಯಾತಕ್ಕೆಂದು ಏನು ಬರೆದಿರುತ್ತೇವೋ ಅದಕ್ಕೆ ಅಷ್ಟು ತೂಕವಿದೆ.

ಗಾಡಿ ಕೊಂಡ ಮೇಲೆ ಅದನ್ನು ನೋಡಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆ ನಾನು ತೇರನ್ನು ತೋರಿಸುತ್ತೇನೆ. ವರ್ಷಕ್ಕೊಮ್ಮೆ ಎಳೆಯುವ ತೇರಿಗೆ ಊರಿನಲ್ಲಿ ಮನೆಯಿದೆ. ಅಚ್ಚಿಗೆ ಎಣ್ಣೆ ಹಾಕುವ ಮನೆತನ ಯಾವುದು, ಹಗ್ಗ ತರುವವರು ಯಾರು, ಗಾಲಿಯ ಅಡಿಗೆ ದಿಮ್ಮಿ ಕೊಟ್ಟು ನಿಲ್ಲಿಸುವ ಅಪಾಯದ ಕೆಲಸ ಯಾರದು, ಯಾರೂ ಕೇಳಬೇಕಿಲ್ಲ. ಆ ಕೆಲಸ ತಪ್ಪಿದರೆ ಜನ ಸಾಯುತ್ತಾರೆಂದು ಎಲ್ಲರಿಗೂ ಗೊತ್ತು, ಅದಕ್ಕೇ ತಪ್ಪುವುದಿಲ್ಲ. ಪಂಪಿಗೂ ಅಂಥ ಒಬ್ಬ ಹೊಣೆಗಾರ ಬೇಕು. ವಾರಕ್ಕೊಮ್ಮೆ ಚಾಲೂ ಮಾಡದೆ ಇಟ್ಟ ಪಂಪು ಬೇಕಾದ ದಿನ ಚಾಲೂ ಆಗುವುದಿಲ್ಲ.

ಕಾನೂನು ಏನನ್ನುತ್ತದೆ ಎಂಬುದೂ ತಿಳಿದಿರಲಿ. ನಮ್ಮ ರಾಜ್ಯದ ಅಗ್ನಿಶಾಮಕ ದಳ ನಿಂತಿರುವುದು 1964ರ ಕಾಯಿದೆಯ ಮೇಲೆ. ಸ್ವಯಂಸೇವಕರನ್ನು ಸೇರಿಸಿಕೊಂಡು ಸಹಾಯಕ ದಳ ಕಟ್ಟುವುದಕ್ಕೆ ಆ ಕಾಯಿದೆ ಅಂದೇ ಬಾಗಿಲು ತೆರೆದಿಟ್ಟಿದೆ. ಅರವತ್ತು ವರ್ಷಗಳಲ್ಲಿ ಆ ಬಾಗಿಲಿನಿಂದ ಎಷ್ಟು ಜನ ಒಳಗೆ ಹೋದರು ಎಂಬುದು ಬೇರೆ ಪ್ರಶ್ನೆ. ಇನ್ನು ಗಾಡಿಯ ಮೈ ಬದಲಿಸುವುದಾದರೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇದೆ, ಆರ್‌.ಟಿ.ಓ. ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಕೆಂಪು ನೀಲಿ ದೀಪ, ಸೈರನ್ನು ನಮಗೆ ನಾವೇ ಹಾಕಿಕೊಳ್ಳುವ ಒಡವೆಗಳಲ್ಲ. ಹುಡುಗರು ಮೊದಲು ಕೊಳ್ಳಲು ಬಯಸುವುದು ಅವನ್ನೇ ಎಂದು ನನಗೆ ಗೊತ್ತು. ಏರಿಸಿ ಇಳಿಸುವ ಚೌಕಟ್ಟಿನ ಲಾಭ ಇಲ್ಲೂ ಇದೆ: ಅದು ಗಾಡಿಯ ಮೈಯನ್ನು ಬದಲಿಸುವುದಿಲ್ಲ, ಗಾಡಿಯ ಮೇಲೆ ಹೇರಿದ ಸಾಮಾನು ಅಷ್ಟೇ. ಆದರೂ ಹಗ್ಗದಿಂದ ಕಟ್ಟಿ ಓಡಿಸಬೇಡಿ, ಚಾಸಿಗೆ ಬೋಲ್ಟು ಹಾಕಿ ಬಿಗಿಯಿರಿ.

ತರಬೇತಿ ಇಲ್ಲದ ಉಮೇದಿನಿಂದ ಏನಾಗುತ್ತದೆ ಎಂಬುದನ್ನು 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಕಂಡೆವು. ಹತ್ತು ಸಾವಿರ ಎಕರೆಗೂ ಮೇಲೆ ಕಾಡು ಸುಟ್ಟಿತು. ಮೈಸೂರು, ಬೆಂಗಳೂರಿನಿಂದ ನೂರಾರು ತರುಣರು ಸ್ವಂತ ಖರ್ಚಿನಲ್ಲಿ ಓಡಿ ಬಂದರು, ಹಸಿ ಸೊಪ್ಪು ಹಿಡಿದು ಬೆಂಕಿ ಬಡಿದರು. ಅವರ ಮನಸ್ಸು ದೊಡ್ಡದು. ಆದರೆ ಗಾಳಿ ತಿರುಗಿದಾಗ ಯಾವ ಕಡೆ ಓಡಬೇಕೆಂದು ಗೊತ್ತಿದ್ದವರು ಕಾಡಿನಂಚಿನ ಹಾಡಿಗಳವರು ಮತ್ತು ಅರಣ್ಯ ಇಲಾಖೆಯ ವಾಚರುಗಳು ಮಾತ್ರ. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ನಮ್ಮಲ್ಲಿ ಈಗ ಆಪದ ಮಿತ್ರ ಎಂಬ ಯೋಜನೆಯಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಾರೆ, ಸಿವಿಲ್ ಡಿಫೆನ್ಸಿನಲ್ಲೂ ಹೆಸರು ಬರೆಸಬಹುದು. ಕೇರಳದವರು ತಮ್ಮ ಪ್ರತಿ ಅಗ್ನಿಶಾಮಕ ಠಾಣೆಗೂ ಐವತ್ತು ಜನ ಸ್ವಯಂಸೇವಕರನ್ನು ಜೋಡಿಸಲು ಹೊರಟರು. ಕಾಸರಗೋಡಿನ ಕನ್ನಡಿಗರಿಗೆ ಇದರ ಪರಿಚಯವಿರಬೇಕು.

ಕೊನೆಯದಾಗಿ, ಯಾರು ಓಡುವವರು? ದಳ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಮೀಸೆ ಬಂದ ಹುಡುಗರು. ಬಣವಿಗೆ ಬೆಂಕಿ ಬೀಳುವುದು ಹೆಚ್ಚಾಗಿ ಬಿಸಿಲೇರಿದ ಹೊತ್ತಿನಲ್ಲಿ, ಮಧ್ಯಾಹ್ನದ ಗಾಳಿಗೆ. ಆ ಹೊತ್ತಿನಲ್ಲಿ ಗಬ್ಬೂರಿನ, ಆಸುಪಾಸಿನ ಹಳ್ಳಿಗಳ ಗಂಡಸರು ಎಲ್ಲಿರುತ್ತಾರೆ? ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ, ತಾರಿಹಾಳದಲ್ಲಿ, ಅಮರಗೋಳದ ಮಾರುಕಟ್ಟೆಯಲ್ಲಿ, ಲಾರಿಯ ಮೇಲೆ. ಊರಿನಲ್ಲಿ ಇರುವವರು ಹೆಂಗಸರು, ಮುದುಕರು, ಅಂಗನವಾಡಿಯ ಟೀಚರು, ಆಶಾ ಕಾರ್ಯಕರ್ತೆ. ಟ್ರ್ಯಾಕ್ಟರು ಓಡಿಸುವ ಹೆಣ್ಣುಮಕ್ಕಳು ಈಗ ಅಲ್ಲಲ್ಲಿ ಇದ್ದಾರೆ, ಇನ್ನಷ್ಟು ಜನ ಒಂದು ವಾರದಲ್ಲಿ ಕಲಿತಾರು. ಪ್ರತಿ ವಾರ ತಪ್ಪದೆ ಸಭೆ ಸೇರಿ, ರೂಪಾಯಿ ರೂಪಾಯಿಯ ಲೆಕ್ಕ ಬರೆಯುವ ಸ್ತ್ರೀಶಕ್ತಿ ಸಂಘಗಳು ಫ್ರಾಂಕ್ಲಿನ್ನನ ದಂಡದ ಪುಸ್ತಕಕ್ಕಿಂತ ಕಟ್ಟುನಿಟ್ಟು.

ಹಾಗಾಗಿ ಪಂಪು ಕೊಳ್ಳಲು ಹೋದಾಗ ಹಗ್ಗ ಸುತ್ತಿ ಜಗ್ಗಿ ಚಾಲೂ ಮಾಡುವ ಪಂಪು ಬೇಡ, ಕೀಲಿ ತಿರುಗಿಸಿದರೆ ಚಾಲೂ ಆಗುವ ಸೆಲ್ಫ್ ಸ್ಟಾರ್ಟ್ ಪಂಪನ್ನೇ ಕೇಳಿ. ಬೆಲೆ ತುಸು ಹೆಚ್ಚು. ಬ್ಯಾಟರಿಯೂ ಬೇಕು, ಅದನ್ನು ಚಾರ್ಜಿನಲ್ಲಿ ಇಡುವವರೂ ಬೇಕು. ಕೀಲಿಯನ್ನು ಅಧ್ಯಕ್ಷರ ಮನೆಯ ತಿಜೋರಿಯಲ್ಲಿ ಇಡಬೇಡಿ. ಅಂಗನವಾಡಿಯ ಗೋಡೆಗೆ ಒಂದು ಮೊಳೆ ಹೊಡೆದು ಅಲ್ಲಿ ತೂಗುಹಾಕಿ, ಇನ್ನೊಂದು ಕೀಲಿ ಸೊಸೈಟಿಯಲ್ಲಿ ಇರಲಿ.